ಸುರಂಗದ ನೀರು, ಏಳನೇ ಕ್ಲಾಸು

ನಮಸ್ಕಾರ. ಕಾಸರಗೋಡಿನ ಕನ್ನಡ ಮೀಡಿಯಂ ಶಾಲೆಯ ನನ್ನ ಏಳನೇ ಕ್ಲಾಸಿನಲ್ಲಿ ಕಳೆದ ವಾರ ಪಾಠ ಮುಂದೆ ಹೋಗಲಿಲ್ಲ. ಟೀಚಿಂಗ್ ಮ್ಯಾನುವಲ್‌ನಲ್ಲಿ ಬರೆದದ್ದು ಒಂದು, ಆದದ್ದು ಇನ್ನೊಂದು. ಯಾಕೆ ಅಂತ ಹೇಳ್ತೇನೆ. ನನಗೊಂದು ತಕರಾರೂ ಉಂಟು, ಅದು ಆಮೇಲೆ.

ಸೋಮವಾರ ಬೋರ್ಡಿನಲ್ಲಿ ‘ಜಂಬಿಟ್ಟಿಗೆ’ ಅಂತ ಬರೆದೆ. ಇಡೀ ಕ್ಲಾಸು ಗಪ್‌ಚಿಪ್. ಅದೇ ಕಲ್ಲಿನ ಗೋಡೆಗೆ ಒರಗಿ ಕೂತ ಮಕ್ಕಳು, ಮಾರಾಯ್ರೆ! ಕೊನೆಗೆ ಒಬ್ಬ ಗೋಡೆ ಮುಟ್ಟಿ, “ಮುರಕಲ್ಲಾ ಟೀಚರ್?” ಅಂತ ಕೇಳಿದ. “ನಮ್ಮ ಮನೆಯಲ್ಲಿ ಚೆಂಗಲ್ಲು ಅಂತಾರೆ” ಅಂದಳು ಹಿಂದಿನ ಬೆಂಚಿನವಳು. ಇಂಗ್ಲಿಷಿನ ಲ್ಯಾಟರೈಟ್ ಅನ್ನುವ ಹೆಸರು ಕೂಡ ಹೊರಟದ್ದು ತೀರಾ ದೂರದಿಂದೇನಲ್ಲ. 1807ರಲ್ಲಿ ಬುಕಾನನ್ ಎಂಬವನು ಮಲಬಾರಿನ ಅಂಗಾಡಿಪ್ಪುರಂನಲ್ಲಿ ಕಂಡ ಈ ಕಲ್ಲಿಗೆ ಆ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆಯ ಒಳಗೂ ಇಟ್ಟಿಗೆ ಕೂತಿದೆ. ಅಗೆಯುವಾಗ ಮೆದು, ಗಾಳಿ ಬಿಸಿಲು ತಾಗಿದರೆ ಗಟ್ಟಿ. ಇಷ್ಟು ಹೇಳಿದ್ದೇ ತಡ, ಒಬ್ಬ ಎದ್ದು ನಿಂತ: “ಹಾಗಾದ್ರೆ ನಮ್ಮ ಅಜ್ಜ ಸುರಂಗ ತೋಡಿದ್ದು ಅದಕ್ಕೇ ಕುಸೀಲಿಲ್ವಾ?”

ನನ್ನ ವಾರ ಅಲ್ಲಿಗೆ ಕೈತಪ್ಪಿತು.

ಘಟ್ಟದ ಮೇಲಿನವರಿಗೆ ಸುರಂಗ ಅಂದರೆ ರೈಲು ಹೋಗುವ ದಾರಿ. ನಮ್ಮ ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯವರಿಗೆ ಅದು ಕುಡಿಯುವ ನೀರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ ಕೊರೆದದ್ದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಅಂಗಳಕ್ಕೆ ಬರ್ತದೆ. ಬುಧವಾರ ಆ ಹುಡುಗನ ಮನೆಗೆ ಹೋದೆವು. ಒಳಗೆ ಯಾರನ್ನೂ ಬಿಡಲಿಲ್ಲ, ಪಿ.ಟಿ.ಎ.ಯ ತಂದೆತಾಯಂದಿರು ಗಾಬರಿ ಆಗುವುದು ಬೇಡ. ಅಜ್ಜ ತುಳುವಿನಲ್ಲಿ ಶುರು ಮಾಡಿದರು: ಒಳಗೆ ಹೋಗುವಾಗ ಕೈಯಲ್ಲಿ ಮೇಣದಬತ್ತಿ, ಅದು ಮಂಕಾದರೆ ಉಸಿರಿಗೆ ಗಾಳಿ ಸಾಲದು ಅಂತ ಲೆಕ್ಕ, ಕೂಡಲೇ ವಾಪಸ್. ದಹನಕ್ಕೆ ಆಮ್ಲಜನಕ ಬೇಕು ಅನ್ನುವುದನ್ನು ನಾನು ಇಷ್ಟು ಚೆಂದ ಕಲಿಸಿದ್ದು ಯಾವತ್ತೂ ಇಲ್ಲ.

ಉದ್ದ ಎಷ್ಟು ಅಂದರೆ ಅಜ್ಜ “ನಲ್ವತ್ತು ಕೋಲು” ಅಂದರು. ಅವರ ಕೋಲಿಗೆ ಟೇಪು ಹಿಡಿದರೆ 72 ಸೆಂಟಿಮೀಟರ್. ಗುಣಿಸಿದಾಗ 28.8 ಮೀಟರ್. ಸುರಂಗದ ನೀರು ಹರಿದು ಬರುವ ದಂಬೆಯ ಕೆಳಗೆ 10 ಲೀಟರಿನ ಬಕೆಟ್ ಇಟ್ಟೆವು. ತುಂಬಲಿಕ್ಕೆ ಎರಡು ನಿಮಿಷ. ಗಂಟೆಗೆ 300 ಲೀಟರ್, ದಿನಕ್ಕೆ 7,200. ದಶಮಾಂಶ ಕಂಡರೆ ತಲೆ ತಗ್ಗಿಸುವ ಮಕ್ಕಳು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗುಣಾಕಾರ ಮಾಡಿದರು. ಗುರುವಾರ ಯಾವುದೋ ಮೀಟಿಂಗು, ಅದು ಬಿಡಿ.

ಈಗ ತಕರಾರು. ಈ ಮಕ್ಕಳ ವಾರದಲ್ಲಿ ಎಷ್ಟು ಭಾಷೆ ಲೆಕ್ಕ ಹಾಕಿ. ಕನ್ನಡ, ಇಂಗ್ಲಿಷ್, ಹಿಂದಿ. ಕೆಲವರಿಗೆ ಸಂಸ್ಕೃತ, ಅರಬಿ, ಉರ್ದು. ಬಸ್ಸಿನಲ್ಲಿ ಮಲಯಾಳ. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ. “ಮನೆಯಲ್ಲೇ ಕನ್ನಡ ಇಲ್ಲ, ಮತ್ತೆ ಕನ್ನಡ ಮೀಡಿಯಂ ಎಂತಕ್ಕೆ?” ಅಂತ ಕೇಳುವವರು ಬೇಕಾದಷ್ಟು ಜನ. ಅವರಿಗೆ ಒಂದು ಮಾತು ಗೊತ್ತಿಲ್ಲ: ತುಳು ಮನೆಯ ಹುಡುಗ, ಮಲಯಾಳ ಮನೆಯ ಹುಡುಗಿ, ಕೊಂಕಣಿ ಮನೆಯ ಇನ್ನೊಬ್ಬ, ಈ ಮೂವರೂ ಜಗಳಕ್ಕೆ ನಿಂತರೆ ಯಾವ ಭಾಷೆಯಲ್ಲಿ ಜಗಳ? ಕನ್ನಡದಲ್ಲಿ. ಅಜ್ಜನ ತುಳುವನ್ನು ಆ ಹುಡುಗಿಗೆ ಪಕ್ಕದವ ಹೇಳಿಕೊಟ್ಟದ್ದು ಕೂಡ ಕನ್ನಡದಲ್ಲೇ.

ಹಾಗಾಗಿ ಭಾಷೆ ಹೆಚ್ಚಾಯ್ತು ಅನ್ನುವುದು ನನ್ನ ದೂರಲ್ಲ. ಕನ್ನಡ ಮೀಡಿಯಂ ಕ್ಲಾಸಿಗೆ ಕನ್ನಡವೇ ಬಾರದ ಟೀಚರನ್ನು ಕಳಿಸುತ್ತಾರಲ್ಲ, ಅದು ನನ್ನ ದೂರು. ನಾನು ಮೊದಲು ಇದ್ದ ಒಂದು ಶಾಲೆಯಲ್ಲಿ ಹಾಗೆ ಬಂದವರು ಪಾಪದವರೇ, ಕಲಿಸುವ ಆಸೆ ಇದ್ದವರೇ. ಬೋರ್ಡಿನಲ್ಲಿ ಚಿತ್ರ ಬಿಡಿಸಿ ಹೇಗೋ ದಾಟಿಸುತ್ತಿದ್ದರು. ಪಾಠ ಹಾಗೆ ದಾಟೀತು. ಆದರೆ ಮಗು ತಿರುಗಿ ಕೇಳಿದಾಗ? ಎರಡು ಸಲ ಕೇಳ್ತದೆ, ಮೂರನೇ ಸಲ ಬಾಯಿ ಮುಚ್ತದೆ. ಆಮೇಲೆ ನಾವೇ “ಈ ಮಕ್ಕಳಿಗೆ ಆಸಕ್ತಿ ಇಲ್ಲ” ಅಂತ ಬರೆದು ಹಾಕ್ತೇವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರ ವಾದ ಇನ್ನೂ ಮುಗಿದಿಲ್ಲ, ಅದನ್ನು ದೊಡ್ಡವರು ಆಡಿಕೊಳ್ಳಲಿ. ಏಳನೇ ಕ್ಲಾಸಿನವನಿಗೆ ಬೇಕಾದದ್ದು ಅವನ ಪ್ರಶ್ನೆ ಅರ್ಥವಾಗುವ ಒಬ್ಬ ಟೀಚರ್.

ಶುಕ್ರವಾರ ನಮಾಜಿನ ಬಿಡುವು ಮುಗಿಸಿ ಬಂದ ಒಬ್ಬ ನೇರ ನನ್ನ ಮೇಜಿನ ಹತ್ತಿರ ನಿಂತ. “ಟೀಚರ್, ದಿನಕ್ಕೆ 7,200 ಲೀಟರ್ ಅಂದ್ರಿ. ರಾತ್ರಿ ಯಾರೂ ನೀರು ಮುಟ್ಟುವುದಿಲ್ಲ. ಬೆಳಿಗ್ಗೆ ನೋಡುವಾಗ ಅಜ್ಜನ ಮನೆಯಲ್ಲಿ ಸುರಂಗದ ನೀರು ತುಂಬುವ ಟ್ಯಾಂಕಿ ಯಾಕೆ ತುಂಬಿ ಹೊರಗೆ ಚೆಲ್ಲಿರಲಿಲ್ಲ?”

ಸೋಮವಾರ ಮತ್ತೆ ಆ ಮನೆಗೆ ಹೋಗಬೇಕು. ಟ್ಯಾಂಕಿಯ ಉದ್ದ, ಅಗಲ, ಆಳ ಅಳೆಯಲಿಕ್ಕುಂಟು.