ರೇಟು ಬರೋಬ್ಬರಿ ಐತೇನು?

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನನ್ನ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮಾ, ಹುಬ್ಬಳ್ಳಿಯ ನವನಗರದ ಕಡೆ ಒಂದು ಫ್ಲ್ಯಾಟ್ ನೋಡೇವಿ. ಹೊಸಾದು, ಕಟ್ಟಿ ಮುಗದೈತಿ. 66 ಲಕ್ಷ ಹೇಳ್ತಾರ. ಬರೋಬ್ಬರಿ ಐತೇನು?" ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಕೂತು ನಿವೃತ್ತನಾದವನು ನಾನು. ಹಾಗಾಗಿ ಮನೆತನದ ಇಂಥ ಪ್ರಶ್ನೆಗಳೆಲ್ಲ ನನ್ನ ಹತ್ತಿರವೇ ಬರುತ್ತವೆ.

"ಎಷ್ಟು ಫೂಟಿಗೆ?" ಅಂದೆ. "1,320ಕ್ಕ. ಫೂಟಿಗೆ 5,000 ಹಚ್ಚ್ಯಾರ." "ಅಳದು ನೋಡೀರೇನು?" ಆಕೆ ನಕ್ಕುಬಿಟ್ಟಳು. ಕುಬಸದ ಖಣ ಕೊಳ್ಳುವಾಗ ಮೊಳ ಹಾಕಿ ನೋಡುವವರು ನಾವು. ಮನೆ ಕೊಳ್ಳುವಾಗ ಮಾತ್ರ ಏಜೆಂಟ್ ಕೊಟ್ಟ ಬಣ್ಣದ ಕಾಗದವನ್ನು ನಂಬುತ್ತೇವೆ.

ರವಿವಾರ ಟೇಪು ತಗೊಂಡು ಹೋದೆವು. ಅಳಿಯ ಒಂದು ತುದಿ ಹಿಡಿದ, ನಾನೊಂದು. ಕೋಣೆಗಳು, ಅಡುಗೆಮನೆ, ಬಚ್ಚಲು, ಒಳಗಿನ ಗೋಡೆಗಳ ದಪ್ಪ, ಎಲ್ಲ ಸೇರಿ 940 ಚದರ ಅಡಿ ಬಂತು. ಇದಕ್ಕೇ ಕಾರ್ಪೆಟ್ ಏರಿಯಾ ಅನ್ನುತ್ತಾರೆ. ಮನೆ ಕಟ್ಟಿ ಮಾರುವವರ ಮೇಲೆ ನಿಗಾ ಇಡುವ 2016ರ ರೇರಾ ಕಾಯ್ದೆಯ ಪ್ರಕಾರ ಇದರಲ್ಲಿ ಹೊರಗೋಡೆ ಬರುವುದಿಲ್ಲ, ಬಾಲ್ಕನಿಯೂ ಬರುವುದಿಲ್ಲ. ಹಾಗಾದರೆ ಉಳಿದ 380 ಅಡಿ ಎಲ್ಲಿ ಹೋಯಿತು? ಬಾಲ್ಕನಿಯಲ್ಲಿ, ಹೊರಗೋಡೆಯಲ್ಲಿ, ಮೆಟ್ಟಿಲಲ್ಲಿ, ಲಿಫ್ಟಿನಲ್ಲಿ, ವಾಚ್‌ಮನ್ ಕೂರುವ ಜಾಗದಲ್ಲಿ ಒಂದೊಂದು ಪಾಲು. ಸೂಪರ್ ಬಿಲ್ಟಪ್ ಎಂಬ ಹೆಸರಿನ ಕೆಳಗೆ ಇವೆಲ್ಲ ಬಂದು ಕೂತಿವೆ. ಮೆಟ್ಟಿಲಿಗೆ ದುಡ್ಡು ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಮೆಟ್ಟಿಲಿಲ್ಲದೆ ಮೇಲೆ ಹತ್ತುವುದು ಹೇಗೆ? ಆದರೆ ಓಡಾಡುವ ನೆಲಕ್ಕೆ ಹೋಲಿಸಿದರೆ ರೇಟು 5,000 ಅಲ್ಲ, 7,021. ಪಕ್ಕದ ಕಟ್ಟಡದಲ್ಲಿ 5,300 ಹೇಳಿದರೂ ಅಲ್ಲಿ ಹೀಗೆ ಸೋರುವುದು ಕಡಿಮೆಯಿದ್ದರೆ ಅದೇ ಅಗ್ಗ. ಹೋಲಿಕೆ ಮಾಡುವುದಿದ್ದರೆ ಕಾರ್ಪೆಟ್ಟಿಗೆ ಕಾರ್ಪೆಟ್ ಹೋಲಿಸಬೇಕು. ಯೋಜನೆ ರೇರಾ ಪ್ರಾಧಿಕಾರದಲ್ಲಿ ನೋಂದಣಿ ಆಗಿದ್ದರೆ ಈ ಅಳತೆ ಅವರ ಜಾಲತಾಣದಲ್ಲೇ ಸಿಗುತ್ತದೆ, ಟೇಪಿನ ಜತೆ ತಾಳೆ ನೋಡಬಹುದು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಇಷ್ಟ. ಆ ಕಟ್ಟಡ ನಿಂತಿರುವುದು 16 ಗುಂಟೆಯಲ್ಲಿ. ಗುಂಟೆಗೆ 1,089 ಚದರ ಅಡಿಯಂತೆ 17,424 ಆಯಿತು. ಮನೆಗಳು 28. ಅಂದರೆ ಒಂದೊಂದು ಮನೆಗೆ ಬರುವ ಭೂಮಿಯ ಪಾಲು 622 ಅಡಿ. ಆ ಓಣಿಯಲ್ಲಿ ಜಾಗದ ದರ ಅಡಿಗೆ 3,500 ಅಂತ ಹಿಡಿದೆವು; ಅದು ಸುಮಾರು 22 ಲಕ್ಷ. ಕಟ್ಟುವ ಖರ್ಚು ಅಡಿಗೆ 2,200 ಅಂತ ನಮ್ಮ ಮೇಸ್ತ್ರಿ ಹೇಳಿದ. 1,320 ಅಡಿಗೆ 29 ಲಕ್ಷ. ಎರಡೂ ಕೂಡಿ 51. ಹೇಳುತ್ತಿರುವುದು 66. ನಡುವಿನ 15 ಲಕ್ಷದಲ್ಲಿ ಕಟ್ಟಿದವನ ಬಡ್ಡಿ, ಪರವಾನಗಿ ಖರ್ಚು, ಎರಡು ವರ್ಷ ಕಾದದ್ದು, ಲಾಭ ಎಲ್ಲ ಇದೆ. ಕಟ್ಟಿದವನೂ ಉಣ್ಣಬೇಕಲ್ಲ. ಆದರೆ 51ಕ್ಕೆ 15 ನನಗೆ ಸ್ವಲ್ಪ ಜಾಸ್ತಿ ಅನ್ನಿಸಿತು. ಮಾತಾಡಲು ಜಾಗ ಇದೆ ಅಂದೆ.

ಲೆಕ್ಕಕ್ಕೆ ಸಿಗದ ಎರಡು ಸಂಗತಿ ನಮ್ಮ ಊರಿನವು. ಒಂದು ಮಣ್ಣು. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಕೆಂಪು ನೆಲ. ಹುಬ್ಬಳ್ಳಿಯಿಂದ ನವಲಗುಂದ, ಗದಗ ಕಡೆ ಹೊರಟರೆ ಎರಿ, ಅಂದರೆ ಕಪ್ಪು ನೆಲ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಬುನಾದಿ ಅದಕ್ಕೆ ತಕ್ಕಂತೆ ಇರದಿದ್ದರೆ ಗೋಡೆಯೂ ಅದರ ಜತೆ ಬಿರಿಯುತ್ತದೆ. ಎರಿ ನೆಲದ ಕಟ್ಟಡವಿದ್ದರೆ ಮೊದಲು ಕೆಳಗಿನ ಅಂತಸ್ತಿಗೆ ಹೋಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದೆಯೇ ನೋಡಿ. ಹೊಸ ಬಣ್ಣ ಒಂದೇ ಗೋಡೆಗೆ ಹಚ್ಚಿದ್ದರೆ ಅದನ್ನೂ ನೋಡಿ. ಎರಡನೆಯದು ನೀರು. ಮಲಪ್ರಭೆಯ ನೀರು ಆ ಓಣಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಏಜೆಂಟನನ್ನು ಕೇಳಬೇಡಿ, ಎದುರಿನ ಕಿರಾಣಿ ಅಂಗಡಿಯವರನ್ನು ಕೇಳಿ. ಟ್ಯಾಂಕರ್ ತರಿಸುವ ಕಟ್ಟಡವಾದರೆ ತಿಂಗಳ ಮೆಂಟೆನನ್ಸ್ ನಿಮ್ಮ ಇನ್ನೊಂದು ಕಂತು ಅಂತಲೇ ತಿಳಿಯಿರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣ ಹತ್ತಿರ ಇರುವುದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ನಡೆದು ನೋಡಿ ಕೊಡಿ, "ಐದೇ ನಿಮಿಷ" ಅನ್ನುವ ಮಾತಿಗೆ ಕೊಡಬೇಡಿ.

ಬಾಡಿಗೆ ಲೆಕ್ಕ ಬೇಗ ಮುಗಿಯುತ್ತದೆ. ಅಂಥ ಮನೆಗೆ ತಿಂಗಳಿಗೆ 14,000 ಬರುತ್ತದೆ ಅಂದರು. ವರ್ಷಕ್ಕೆ 1,68,000. 66 ಲಕ್ಷಕ್ಕೆ ನೂರಕ್ಕೆ ಎರಡೂವರೆ ರೂಪಾಯಿ. ಠೇವಣಿ ಇಟ್ಟರೆ ಇದಕ್ಕಿಂತ ಹೆಚ್ಚು. ಇರಲು ಕೊಳ್ಳುವವರಿಗೆ ಇದೊಂದೇ ಮಾತಲ್ಲ. ಬಾಡಿಗೆಗೆ ಬಿಡಲೆಂದೇ ಕೊಳ್ಳುವವರು ಮಾತ್ರ ಇಲ್ಲೇ ಸ್ವಲ್ಪ ನಿಲ್ಲಬೇಕು.

ಸರಕಾರದ ಮಾರ್ಗಸೂಚಿ ದರ ನೋಡಿ "ಇದೇ ಬೆಲೆ" ಅನ್ನುವವರಿದ್ದಾರೆ. ಅದು ಮುದ್ರಾಂಕ ಶುಲ್ಕಕ್ಕೆ ಹಾಕಿದ ಕೆಳಗಿನ ಗೆರೆ, ಅಷ್ಟೆ. ಅಕ್ಕಪಕ್ಕದ ಖರೀದಿ ಪತ್ರಗಳಲ್ಲಿನ ಮೊತ್ತವೂ ಪೂರ್ತಿ ಸತ್ಯ ಹೇಳುವುದಿಲ್ಲ. ಕಾಗದದ ಮೇಲೆ ಒಂದು, ಕೈಯಲ್ಲಿ ಒಂದು ನಡೆಯುತ್ತದೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕಿಂತ, ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರು ಎಷ್ಟು ಬರೆದರು ಅಂತ ಕೇಳಿ. ಅವರಿಗೆ ಮಾರುವ ಅವಸರವೂ ಇಲ್ಲ, ಕೊಳ್ಳುವ ಆಸೆಯೂ ಇಲ್ಲ. ಅವರು 60 ಬರೆದರೆ ಬ್ಯಾಂಕ್ ಆ 60ರಲ್ಲೇ ಒಂದು ಪಾಲು ಸಾಲ ಕೊಡುತ್ತದೆ, ಮೇಲಿನ ಆರು ಲಕ್ಷವಂತೂ ಪೂರ್ತಿ ನಿಮ್ಮ ಜೇಬಿನಿಂದ.

ಎರಡು ಕಟ್ಟಡ ಹೋಲಿಸುವಾಗ ಮತ್ತೊಂದು ನೆನಪಿರಲಿ: ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ ನೂರಕ್ಕೆ 5 ಜಿಎಸ್‌ಟಿ ಬೀಳುತ್ತದೆ, ಪೂರ್ಣಗೊಂಡ ಪ್ರಮಾಣಪತ್ರ ಬಂದಮೇಲೆ ಕೊಂಡರೆ ಇಲ್ಲ. 66 ಲಕ್ಷಕ್ಕೆ ಅದೇ 3,30,000. ಬಯಲಲ್ಲಿ ಗೆರೆ ಎಳೆದ ಪಾರ್ಕಿಂಗಿಗೆ ಬೇರೆ ದುಡ್ಡು ಕೇಳಿದರೆ, ಅದು ಕಾಯ್ದೆಯ ಪ್ರಕಾರ ಎಲ್ಲರ ಜಾಗ ಅಂತ ಮೆತ್ತಗೆ ಹೇಳಿ.

ನಮ್ಮ ಹುಡುಗಿ ಇಷ್ಟೂ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ 58 ಅಂದಳು. ಕಟ್ಟಿದವನು ಹಾಳೆ ನೋಡಿದನಂತೆ, ಆಕೆಯ ಮುಖ ನೋಡಿದನಂತೆ, ಚಹಾ ತರಿಸಿದನಂತೆ. 63ಕ್ಕೆ ಇಳಿದ. ಈಕೆ 60ಕ್ಕೆ ಏರಿದಳು. ಮೂರು ಲಕ್ಷದ ಅಂತರದಲ್ಲಿ ಮಾತು ನಿಂತಿದೆ. ಮೊನ್ನೆ ಮತ್ತೆ ಫೋನ್ ಬಂತು: "ಮಾಮಾ, ಇನ್ನೊಂದು ಕಟ್ಟಡ ನೋಡೇವಿ, ಉಣಕಲ್ಲಿನ ಕಡೆ. ರವಿವಾರ ಟೇಪು ತಗೊಂಡು ಬರ್ತೀರೇನು?"

ನಮಸ್ಕಾರ.