ಎಂಜಿನ್ ಆಮೇಲೆ ನೋಡಿ, ಮೊದಲು ತಗಡು ನೋಡಿ

ಎಲ್ಲರಿಗೂ ನಮಸ್ಕಾರ. ಕಾರ್ಯದರ್ಶಿಗಳು ನನಗೆ ಇಪ್ಪತ್ತೈದು ನಿಮಿಷ ಕೊಟ್ಟಿದ್ದಾರೆ. ಆಮೇಲೆ ಬಿಸಿಬೇಳೆ ಬಾತ್. ಅದರ ಘಮ ಆಗಲೇ ಬಾಗಿಲು ದಾಟಿ ಒಳಗೆ ಬಂದಿದೆ. ಅದರ ಮುಂದೆ ನಿಂತು ತುಕ್ಕಿನ ಬಗ್ಗೆ ಮಾತಾಡುವವನ ಗತಿ ಏನು ಅಂತ ನನಗೂ ಗೊತ್ತು.

ಆದರೂ ಮಾತಾಡಲೇಬೇಕು. ಯಾಕೆಂದರೆ ಈ ತಿಂಗಳಲ್ಲಿ ನಮ್ಮ ಕೂಟದ ಮೂವರು ಫೋನ್ ಮಾಡಿದರು. ಮಸಲ್ ಕಾರು ಅಂದರೆ ಅರವತ್ತು-ಎಪ್ಪತ್ತರ ದಶಕದ, ದೊಡ್ಡ ಎಂಜಿನ್ ತುರುಕಿದ ಅಮೆರಿಕನ್ ಕಾರು. ಮೂವರದೂ ಅದರದೇ ಒಂದು ಮಾತು. "ಸರ್, ಹಳೇ ಮಸಲ್ ಕಾರು ಒಂದು ಸಿಕ್ಕಿದೆ. ಸ್ವಲ್ಪ ತುಕ್ಕು ಇದೆ ಅಷ್ಟೇ. ಎಂಜಿನ್ ಸ್ಟಾರ್ಟ್ ಆಗುತ್ತೆ. ತಗೊಳ್ಳಲಾ?" ಅವರಲ್ಲಿ ಒಬ್ಬ ಹುಡುಗ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಹೆಸರು ಹೇಳುವುದಿಲ್ಲ, ಪಕ್ಕದಲ್ಲಿ ಅವನ ಹೆಂಡತಿ ಇದ್ದಾರೆ.

ತಪ್ಪು ಅವನದಲ್ಲ, ಆಗಸ್ಟ್ ತಿಂಗಳದು. ಮೂರನೇ ಶನಿವಾರ ನಮ್ಮ ಡೆಟ್ರಾಯ್ಟ್‌ನ ವುಡ್‌ವರ್ಡ್ ರಸ್ತೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇವೆ. 1995ರಿಂದ ನಡೆಯುತ್ತಿರುವ ಹಳೇ ಕಾರುಗಳ ಜಾತ್ರೆ ಅದು. ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಚಾರ್ಜರ್, ಶೆವೆಲ್, ಕಮಾರೊ ಗುಡುಗುತ್ತಾ ಹೋಗುತ್ತವೆ. ಸೋಮವಾರ ಹೊತ್ತಿಗೆ ನಮಗೂ ಒಂದು ಬೇಕು ಅನ್ನಿಸುತ್ತದೆ. ಮಾರುವವರಿಗೂ ಇದು ಗೊತ್ತು. ನಮ್ಮೂರಿನ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿಗೆ ಹಚ್ಚಿದ ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ನಾವು ಇಲ್ಲಿಗೆ ಬಂದು ಕೊಂಬಿನ ಬಣ್ಣಕ್ಕೇ ದುಡ್ಡು ಕೊಡುತ್ತೇವೆ.

ಹಿಂದಿನ ಸಾಲಿನಲ್ಲಿ ಕೆಲವು ಜಗಳಗಂಟರು ಕೂತಿದ್ದಾರೆ. ನಾನು ಫೋರ್ಡ್ ಮಸ್ಟಾಂಗ್ ಹೆಸರು ಎತ್ತಿದ ಕೂಡಲೇ "ಅದು ಮಸಲ್ ಕಾರಲ್ಲ, ಪೋನಿ ಕಾರು" ಅಂತಾರೆ, ಅಂದರೆ ಅದಕ್ಕಿಂತ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು. ಸರಿ, ಒಪ್ಪಿದೆ. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಟೆಂಪೆಸ್ಟ್ ಒಳಗೆ 389 ಕ್ಯೂಬಿಕ್ ಇಂಚಿನ ದೊಡ್ಡ ಎಂಜಿನ್ ತುರುಕಿ ಜಿಟಿಒ ಅಂತ ಹೆಸರಿಟ್ಟರಲ್ಲ, ಅದೇ ಅಸಲಿ ಅನ್ನಿ. ಆದರೆ ತುಕ್ಕಿಗೆ ಈ ಜಾತಿಭೇದ ಇಲ್ಲ. ಎರಡನ್ನೂ ಒಂದೇ ರುಚಿಯಲ್ಲಿ ತಿನ್ನುತ್ತದೆ.

ಈಗ ನನ್ನ ಕಥೆಗೆ ಬರುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ. ಇನ್ನೊಂದು ಸಲ ಸಹಿಸಿಕೊಳ್ಳಿ.

2009ರ ಬೇಸಿಗೆ. ಅಪ್ಪ ಹಾಸನದಿಂದ ಬಂದಿದ್ದರು. ಅವರು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬಾಡಿ ಸೆಕ್ಷನ್‌ನಲ್ಲಿದ್ದವರು. ಟಿಂಕರಿಂಗ್ ಅವರ ಕಸುಬು. ಇಲ್ಲಿ ಬಂದು ಹದಿನೈದು ದಿನಕ್ಕೆ ಬೇಜಾರಾಗಿ, ನಮ್ಮ ಮನೆಯ ಗ್ಯಾರೇಜ್ ಬಾಗಿಲಿನ ಡೆಂಟ್ ತೆಗೆಯುತ್ತಾ ಕೂತಿದ್ದರು. ಅದೇ ಹೊತ್ತಿಗೆ ನನ್ನ ಕಣ್ಣಿಗೆ ಒಂದು ಜಾಹೀರಾತು ಬಿತ್ತು. 1968ರ ಮಸ್ಟಾಂಗ್, ಕೆಂಪು ಬಣ್ಣ, 7,000 ಡಾಲರ್, ಎರಡು ಗಂಟೆ ದಾರಿ. "ಬನ್ನಿ ಅಪ್ಪ, ಸುಮ್ನೆ ನೋಡಿಕೊಂಡು ಬರೋಣ" ಅಂದೆ. ಸುಮ್ನೆ ಅನ್ನುವ ಪದ ನನಗೆ ಅತಿ ದುಬಾರಿ ಬಿದ್ದದ್ದು ಅವತ್ತು.

ಮಾರುವ ಅಜ್ಜ ಒಳ್ಳೆಯವನು. ಬಾನೆಟ್ ಎತ್ತಿ, ಕೀ ತಿರುಗಿಸಿದ. 289 ಕ್ಯೂಬಿಕ್ ಇಂಚಿನ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಆ ಸದ್ದಿಗೆ ನನ್ನ ಎದೆ ನಡುಗಿತು. ನಾನು ಎಂಜಿನ್ ಮುಂದೆಯೇ ನಿಂತುಬಿಟ್ಟೆ. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ಹಿಂದೆ ಹೋಗಿ, ಬೆರಳಿನ ಗೆಣ್ಣಿನಿಂದ ಹಿಂದಿನ ಚಕ್ರದ ಮೇಲಿನ ತಗಡು ತಟ್ಟುತ್ತಿದ್ದರು. ಹಲಸಿನ ಹಣ್ಣು ತಟ್ಟುವುದಿಲ್ವಾ, ಹಾಗೇ. ಮೇಲೆ ಟಣ್ ಟಣ್. ಒಂದು ಗೇಣು ಕೆಳಗೆ ಬಂದರೆ ದಬ್ ದಬ್. "ಇಲ್ಲಿ ತಗಡಿಲ್ಲ ಮಗ, ಪುಟ್ಟಿ" ಅಂದರು. ಬಣ್ಣ ಫಳಫಳ ಹೊಳೆಯುತ್ತಿತ್ತು. ನಾನು ನಂಬಲಿಲ್ಲ.

ಆಮೇಲೆ ಅಪ್ಪ ಕೇಳಿದರು, "ಅಜ್ಜನ ಹತ್ತಿರ ಒಂದು ಚೊಂಬು ನೀರು ಕೇಳು." ನಾನು ಕೇಳಿದೆ. ಪಾಪ, ಅವನು ಬಾಯಾರಿಕೆ ಅಂದುಕೊಂಡು ದೊಡ್ಡ ಜಗ್ಗಿನಲ್ಲಿ ಐಸ್ ಹಾಕಿ ತಂದುಕೊಟ್ಟ. ಅಪ್ಪ ಅದನ್ನು ತಗೊಂಡು, ನನಗೆ "ಡ್ಯಾಶ್‌ಬೋರ್ಡ್ ಕೆಳಗೆ ಮಲಗಿಕೋ" ಅಂದು, ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿಗೆ ಐಸ್ ಸಮೇತ ಸುರಿದುಬಿಟ್ಟರು! ಅಜ್ಜ ಬಾಯಿ ಬಿಟ್ಟುಕೊಂಡು ನಿಂತ. ಎರಡು ಸೆಕೆಂಡ್ ಆಗಿರಲಿಲ್ಲ, ತಣ್ಣನೆ ನೀರು ನನ್ನ ಕಿವಿಯೊಳಗೆ ಬಿತ್ತು.

ಆ ಕಿಂಡಿಗೆ ಕೌಲ್ ಅಂತಾರೆ. ಮೊದಲ ಮಸ್ಟಾಂಗಿನಿಂದ 1968ರವರೆಗಿನ ಮಸ್ಟಾಂಗ್‌ಗಳಿಗೆಲ್ಲ ಇದು ಹುಟ್ಟು ರೋಗ. ಮಳೆ ನೀರು ಅದರೊಳಗೆ ಇಳಿದು ಎರಡೂ ಪಕ್ಕದಿಂದ ಆಚೆ ಹೋಗಬೇಕು. ಆದರೆ ಎಲೆ, ಕಸ ಸೇರಿ ನೀರು ನಿಲ್ಲುತ್ತದೆ. ಒಳಗಿನ ತಗಡು ತೂತಾಗುತ್ತದೆ. ಅಲ್ಲಿಂದ ನೀರು ಕಾರ್ಪೆಟ್ ಕೆಳಗೆ ಇಳಿದು ನೆಲ ತಿನ್ನುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ರಿಪೇರಿ ಮಾಡಲು ಮುಂದಿನ ಫೆಂಡರ್ ಎರಡನ್ನೂ ಬಿಚ್ಚಿ, ಸಾಲುಸಾಲು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ತೆಗೆಯಬೇಕು. ಸಿಗುವ ಹೊಸ ಪ್ಯಾನೆಲ್‌ಗೆ ಕೊಡುವ ದುಡ್ಡಿಗಿಂತ ಕೂಲಿಗೆ ಕೊಡುವುದೇ ಜಾಸ್ತಿ.

ಅಪ್ಪನಿಗೆ ಮಸ್ಟಾಂಗ್ ಏನೂ ಗೊತ್ತಿರಲಿಲ್ಲ, ಅವತ್ತೇ ಮೊದಲು ನೋಡಿದ್ದು. ದಾರಿಯಲ್ಲಿ ಕೇಳಿದೆ, ನಿಮಗೆ ಹೇಗೆ ಗೊತ್ತಾಯಿತು ಅಂತ. "ಬಸ್ ಆದರೇನು, ಕಾರ್ ಆದರೇನು? ಮಳೆ ನೀರು ಎಲ್ಲಿ ಬೀಳುತ್ತೆ, ಎಲ್ಲಿ ನಿಲ್ಲುತ್ತೆ ನೋಡು. ನಿಂತ ಕಡೆ ತಗಡು ಇರಲ್ಲ" ಅಂದರು.

ನಾನು ಈ ಕಾರು ಬಿಟ್ಟುಬಂದೆ ಅಂದುಕೊಂಡಿರಾ? ಮುಂದಿನ ಶನಿವಾರ ಹೋಗಿ ತಂದೆ. 6,500ಕ್ಕೆ ಇಳಿಸಿದ, ನನಗೆ ಗೆದ್ದ ಹಾಗಾಯಿತು. ಎಂಜಿನ್ ಬಿಚ್ಚಿ ಜೋಡಿಸಲು 2,800 ಡಾಲರ್ ಆಯಿತು. ತಗಡಿಗೆ, ಅಂದರೆ ಕೌಲ್, ಎರಡೂ ನೆಲ, ಹಿಂದಿನ ಚಕ್ರಗಳ ಮೇಲಿನ ಎರಡು ಕ್ವಾರ್ಟರ್ ಪ್ಯಾನೆಲ್, ಇಷ್ಟಕ್ಕೆ ಎರಡು ವರ್ಷದಲ್ಲಿ 11,000. ಅದಕ್ಕೇ ಹೇಳುವುದು, ಎಂಜಿನ್ ಆಮೇಲೆ, ಮೊದಲು ತಗಡು. ಎಂಜಿನ್‌ಗೆ ಮೆಷಿನ್ ಶಾಪ್ ಇದೆ, ಸಾಮಾನು ಸಿಗುತ್ತದೆ, ಖರ್ಚಿಗೆ ಒಂದು ಕೊನೆ ಇದೆ. ತುಕ್ಕಿಗೆ ಕೊನೆ ಎಲ್ಲಿ ಅಂತ ಕತ್ತರಿಸಿ ನೋಡುವವರೆಗೂ ಗೊತ್ತಾಗುವುದಿಲ್ಲ.

ನಾವು ಬದುಕುವ ಊರಾದರೂ ಎಂಥದ್ದು ನೋಡಿ. ಡೆಟ್ರಾಯ್ಟ್ ನಗರದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಕೋಟ್ಯಂತರ ವರ್ಷದ ಹಿಂದೆ ಒಣಗಿದ ಸಮುದ್ರದ ಉಪ್ಪು. ಚಳಿಗಾಲದಲ್ಲಿ ಅದನ್ನೇ ರಸ್ತೆಗೆ ಸುರಿಯುತ್ತಾರೆ. ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು! ಉಪ್ಪು ಸೇರಿದ ನೀರಿನಲ್ಲಿ ತುಕ್ಕು ಬೇಗ ಹಬ್ಬುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ, ಊದಿಕೊಳ್ಳುತ್ತದೆ. ಅದಕ್ಕೇ ಬಣ್ಣದ ಕೆಳಗೆ ಸಾಸಿವೆ ಕಾಳಿನಂಥ ಗುಳ್ಳೆ ಏಳುವುದು. ಗುಳ್ಳೆ ಕಂಡರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಅಂತಲೇ ತಿಳಿಯಿರಿ. ಮಂಗಳೂರಿನ ಕಡಲ ತಡಿಯಲ್ಲಿದ್ದ ಗಾಡಿಗೂ ಬಳ್ಳಾರಿಯ ಬಿಸಿಲಲ್ಲಿದ್ದ ಗಾಡಿಗೂ ಇರುವ ವ್ಯತ್ಯಾಸವೇ ಮಿಶಿಗನ್ ಕಾರಿಗೂ ಅರಿಜೋನಾ ಕಾರಿಗೂ ಇದೆ. ಅರಿಜೋನಾದಲ್ಲಿ ಸೀಟು ಬಿರಿದಿರುತ್ತದೆ, ಬಣ್ಣ ಬೆಂದಿರುತ್ತದೆ, ತಗಡು ಗಟ್ಟಿ ಇರುತ್ತದೆ. ಲಾರಿ ಬಾಡಿಗೆ ಕೊಟ್ಟು ಅಲ್ಲಿಂದ ತರಿಸಿದರೂ ಲಾಭ.

ಹಾಗಾದರೆ ಏನೇನು ನೋಡಬೇಕು? ನಾನು ಚೀಟಿಯಲ್ಲಿ ಹನ್ನೆರಡು ಅಂಶ ಬರೆದುಕೊಂಡು ಬಂದಿದ್ದೆ. ಗಡಿಯಾರ ನೋಡಿದರೆ ನಾಲ್ಕು ಹೇಳಬಹುದು.

ಫ್ರಿಜ್ಜಿಗೆ ಅಂಟಿಸುವ ಸಣ್ಣ ಅಯಸ್ಕಾಂತ ತಗೊಂಡು ಹೋಗಿ. ಒಂದು ತೆಳು ಬಟ್ಟೆಯಲ್ಲಿ ಸುತ್ತಿ, ಬಣ್ಣ ಗೀರಬಾರದಲ್ಲ. ಚಕ್ರದ ಕಮಾನು, ಬಾಗಿಲ ಕೆಳಗಿನ ರಾಕರ್, ಹಿಂದಿನ ಗಾಜಿನ ಸುತ್ತ ಇಟ್ಟು ನೋಡಿ. ಜಾರಿ ಬಿದ್ದರೆ ಅಲ್ಲಿರುವುದು ಪುಟ್ಟಿ. ಮೇಲೆ ವಿನೈಲ್ ಹೊದಿಕೆ ಇರುವ ಕಾರಾದರೆ ಇನ್ನೂ ಹುಷಾರು. ಅದರ ಕೆಳಗೆ ತೇವ ಕೂತು ಮೇಲ್ಛಾವಣಿಯನ್ನೇ ತಿಂದಿರುತ್ತದೆ. 1968ರಿಂದ 70ರವರೆಗಿನ ಚಾರ್ಜರ್‌ನ ಹಿಂದಿನ ಗಾಜು ಒಳಗೆ ಸರಿದು ಕೂತಿದೆಯಲ್ಲ, ನೋಡಲು ಚೆಂದ. ನೀರಿಗೂ ಅಲ್ಲೇ ಚೆಂದ. ಅಲ್ಲಿಂದ ಸೋರಿ ಡಿಕ್ಕಿಗೆ ಇಳಿಯುತ್ತದೆ.

ಆಮೇಲೆ ಕೆಳಗೆ ಮಲಗಿ. ಹಳೇ ಪ್ಯಾಂಟ್ ಹಾಕಿಕೊಂಡು ಹೋಗಿ ಅಂತ ನಾನು ಹೇಳುವುದು ಅದಕ್ಕೇ. ಶೆವೆಲ್, ಜಿಟಿಒ ಇವುಗಳಿಗೆ ಕೆಳಗೆ ಬೇರೆಯೇ ಚಾಸಿ ಇದೆ, ಮೇಲಿನ ಬಾಡಿಯನ್ನು ಎತ್ತಿ ಕೆಲಸ ಮಾಡಬಹುದು. ಮಸ್ಟಾಂಗ್, ಚಾರ್ಜರ್, ಚಾಲೆಂಜರ್‌ಗಳಲ್ಲಿ ಬಾಡಿಯೇ ಚಾಸಿ. ಅಲ್ಲಿ ನೆಲದಡಿಯ ರೇಲು ಕೊಳೆತಿದೆ ಅಂದರೆ ಮನೆಯ ತೊಲೆಗೇ ಗೆದ್ದಲು ಹಿಡಿದ ಹಾಗೆ. ಜಾಕ್ ಹಾಕಿ ಎತ್ತಿಸಿ, ಬಾಗಿಲು ತೆಗೆದು ಹಾಕಿ ನೋಡಿ. ಎತ್ತಿದಾಗ ಬಾಗಿಲು ಸಿಕ್ಕಿಕೊಂಡರೆ ಕಾರು ನಡುವಿನಲ್ಲಿ ಬಾಗುತ್ತಿದೆ. ಕೈ ಮುಗಿದು ಬನ್ನಿ. ಇನ್ನೊಂದು ಮಾತು, ಅಡಿಯಲ್ಲಿ ಕರೀ ಅಂಡರ್‌ಕೋಟಿಂಗ್ ಹೊಸದಾಗಿ ಬಳಿದಿದ್ದರೆ ಯಾಕೆ ಬಳಿದ ಅಂತ ಕೇಳಿ. ಐವತ್ತು ವರ್ಷ ಹಾಗೇ ಇದ್ದದ್ದಕ್ಕೆ ಮಾರುವ ವಾರದಲ್ಲೇ ಯಾಕೆ ಮೇಕಪ್?

ಕಾಗದ ಪತ್ರ. ಇದನ್ನು ಬೇಗ ಹೇಳುತ್ತೇನೆ. ಎಸ್‌ಎಸ್ ಅಂತ ಲೋಹದ ಅಕ್ಷರ ಅಂಟಿಸಿದ ಮಾತ್ರಕ್ಕೆ ಶೆವೆಲ್ ಎಸ್‌ಎಸ್ ಆಗುವುದಿಲ್ಲ, ಅಂದರೆ ಹೆಚ್ಚು ಬೆಲೆಯ ಸೂಪರ್ ಸ್ಪೋರ್ಟ್ ಮಾದರಿ ಆಗುವುದಿಲ್ಲ. 1968ರವರೆಗೆ ಎಸ್‌ಎಸ್ 396ಕ್ಕೆ ವಿನ್, ಅಂದರೆ ಕಾರಿನ ಗುರುತಿನ ನಂಬರ್, 138ರಿಂದ ಶುರುವಾಗುತ್ತಿತ್ತು. 1969ರಿಂದ ಅದು ಬರೀ ಆಪ್ಷನ್ ಆಯಿತು, ವಿನ್ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಹುಡುಗ, ನೀನು ಹೇಳಿದ 1970ರ ಶೆವೆಲ್‌ಗೆ ಆ ಕಾಲದ ಬಿಲ್ ಅಥವಾ ಕಾರ್ಖಾನೆಯ ಬಿಲ್ಡ್ ಶೀಟ್ ಕೇಳು, ಕಾರಿಗೆ ಏನೇನು ಹಾಕಿದ್ದರು ಅನ್ನುವ ಪಟ್ಟಿ ಅದು. ಇಲ್ಲ ಅಂದರೆ ಮಾಮೂಲಿ ಶೆವೆಲ್‌ನ ಬೆಲೆ ಕೊಡು. 1967ರಿಂದ ಈಚಿನ ಫೋರ್ಡ್ ಆದರೆ ಮಾರ್ಟಿ ರಿಪೋರ್ಟ್ ತರಿಸಿ, ಫೋರ್ಡ್‌ನ ಹಳೇ ದಾಖಲೆ ನೋಡಿ ಕಾರು ಹೇಗೆ ತಯಾರಾಯಿತು ಅಂತ ಹೇಳುವ ವರದಿ. ನನ್ನದರ ವಿನ್‌ನಲ್ಲಿ ಐದನೇ ಅಕ್ಷರ ಸಿ, ಅಂದರೆ ಸಾಧಾರಣ 289. ಅದೇ ಜಾಗದಲ್ಲಿ ಆರ್ ಇದ್ದಿದ್ದರೆ 428 ಕೋಬ್ರಾ ಜೆಟ್, ಅಪರೂಪದ ಭಾರೀ ಎಂಜಿನ್. ಆಗ ತಗಡೇ ಇಲ್ಲದಿದ್ದರೂ ಕಾರು ಬಿಡುತ್ತಿರಲಿಲ್ಲ, ಒಪ್ಪುತ್ತೇನೆ. ನನ್ನ ವಾದಕ್ಕೆ ಅದೊಂದೇ ವಿನಾಯಿತಿ.

ಹೊಸ ಬಾಡಿಯೇ ಸಿಗುತ್ತದಲ್ಲ ಅಂತ ಯಾರೋ ಕೈ ಎತ್ತಿದ್ದಾರೆ. ಹೌದು, ಆ ಕಾಲದ ಮಸ್ಟಾಂಗ್‌ಗೆ, ಕಮಾರೊಗೆ ಪೂರ್ತಿ ಹೊಸ ತಗಡಿನ ಬಾಡಿ ಮಾಡಿ ಮಾರುತ್ತಾರೆ. ಹಳೇ ವಿನ್ ಪಟ್ಟಿ ಕಿತ್ತು ಅದಕ್ಕೆ ಹಾಕಲು ಹೋಗಬೇಡಿ, ಕಾನೂನಿನ ಬಾಯಿಗೆ ಬೀಳುತ್ತೀರಿ. ಉಳಿದದ್ದು ಊಟದ ಹೊತ್ತಿಗೆ ಮಾತಾಡೋಣ.

ಕಾರ್ಯದರ್ಶಿಗಳು ಎದ್ದು ನಿಂತರು. ಕ್ರೋಮ್, ಒಳಗಿನ ಟ್ರಿಮ್, ವೈರಿಂಗ್ ಎಲ್ಲ ಬಿಟ್ಟೆ. ಅವಕ್ಕೆಲ್ಲ ದುಡ್ಡು ಹೋಗುತ್ತದೆ, ಅಷ್ಟು ತಿಳಿದಿರಲಿ.

ಮಸ್ಟಾಂಗ್ ಈಗ ಏನಾಗಿದೆ ಅಂತ ಮುಂದಿನ ಸಾಲಿನ ಅಮ್ಮ ಕೇಳುತ್ತಿದ್ದಾರೆ. ಗ್ಯಾರೇಜಿನಲ್ಲಿದೆ ಅಮ್ಮ. ಒಂದು ಬಾಗಿಲಿಗೆ ಇನ್ನೂ ಪ್ರೈಮರ್ ಬಣ್ಣವೇ. ಡಿಕ್ಕಿ ಮಾತ್ರ ಗಟ್ಟಿಯಾಗಿದೆ. ನಮ್ಮ ಮನೆಯವಳು ಅದರಲ್ಲಿ ಸೋನಾ ಮಸೂರಿ ಮೂಟೆ ಇಡುತ್ತಾಳೆ. ಆ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಅಪ್ಪ ಇಲ್ಲಿದ್ದಷ್ಟು ದಿನ ಅದನ್ನು ನೋಡಿ ಬೆಚ್ಚುತ್ತಿದ್ದರು. ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪ್ರಶ್ನೆ: "ಅಕ್ಕಿ ತೆಗೆಸಿದೆಯಾ?"