ಫೀಸ್ ಇಲ್ಲ ಸರಿ, ಮೂರನೇ ಪರೀಕ್ಷೆಯ ಬಗ್ಗೆ ಗೊತ್ತಾ?

ಏಪ್ರಿಲ್, ಮೇ ಬಂತೆಂದರೆ ನನಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಅಣ್ಣಾ, ಜರ್ಮನಿಯಲ್ಲಿ ಓದು ಫ್ರೀ ಅಂತೆ, ನಿಜವಾ?" ಹಾಸನದಿಂದ, ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಕೇಳುತ್ತಾರೆ. ಹೆಚ್ಚಿನವರು ಇಂಜಿನಿಯರಿಂಗ್ ಕೊನೇ ವರ್ಷದವರು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೌದು, ಅಲ್ಲಿನ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಸುಮಾರು 100ರಿಂದ 350 ಯೂರೊ ಕಟ್ಟಬೇಕು, ಎಷ್ಟೋ ಕಡೆ ಬಸ್ಸು, ರೈಲಿನ ಪಾಸೂ ಅದರಲ್ಲೇ ಬರುತ್ತದೆ. ಆದರೆ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ ಫೀಸ್ ಇದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಫೀಸ್ ಶುರು ಮಾಡಿದೆ. ಮಾಸ್ಟರ್ಸ್‌ಗಾದರೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೊ ಇಡಬೇಕು, ಅಂದರೆ ಹತ್ತು ಲಕ್ಷ ರೂಪಾಯಿಗೂ ಜಾಸ್ತಿ. ಅದು ನಿಮ್ಮದೇ ದುಡ್ಡು, ತಿಂಗಳಿಗೆ 992 ಯೂರೊದಂತೆ ವಾಪಸ್ ಸಿಗುತ್ತದೆ. ಇದನ್ನೆಲ್ಲ ಎಲ್ಲ ಕನ್ಸಲ್ಟೆನ್ಸಿಯವರೂ ಹೇಳುತ್ತಾರೆ.

ನನಗೆ ಅವರು ಯಾರೂ ಹೇಳದೇ ಇದ್ದದ್ದು ಒಂದಿದೆ. ಅಲ್ಲಿ ಹೆಚ್ಚಿನ ಕಡೆ ಒಂದು ಕಡ್ಡಾಯ ವಿಷಯದ ಪರೀಕ್ಷೆಯನ್ನು ಮೂರು ಸಲ ಮಾತ್ರ ಬರೆಯಬಹುದು. ಮೂರನೇ ಸಲವೂ ಫೇಲ್ ಆದರೆ ಆ ಕೋರ್ಸ್ ಅಲ್ಲಿಗೆ ಮುಗಿಯಿತು. ನಿಮ್ಮ ಹೆಸರು ತೆಗೆಯುತ್ತಾರೆ. ಜರ್ಮನಿಯ ಇನ್ನೊಂದು ಯೂನಿವರ್ಸಿಟಿಗೆ ಹೋಗಿ ಅದೇ ಕೋರ್ಸ್ ಸೇರುತ್ತೇನೆ ಎಂದರೂ ಆಗುವುದಿಲ್ಲ. ನಾವು ಅಲ್ಲಿ ಇರುವುದೇ ಓದುವ ಪರ್ಮಿಟ್ ಮೇಲೆ, ಅದಕ್ಕೂ ಪೆಟ್ಟು ಬೀಳುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ "ಬ್ಯಾಕ್ ಉಳಿದಿದೆ, ಮುಂದಿನ ಸಲ ಕ್ಲಿಯರ್ ಮಾಡ್ತೀನಿ" ಅನ್ನುವುದು ದಿನಾ ಕೇಳುವ ಮಾತು, ಅಲ್ವಾ? ಆ ಧೈರ್ಯ ಇಟ್ಟುಕೊಂಡೇ ವಿಮಾನ ಹತ್ತುತ್ತೇವೆ. ವಿಟಿಯು ಕಾಲೇಜಿನಲ್ಲಿ 85 ಪರ್ಸೆಂಟ್ ಅಟೆಂಡೆನ್ಸ್ ಬೇಕು, ಮಧ್ಯೆ ಇಂಟರ್ನಲ್ಸ್ ಇರುತ್ತವೆ. ಹಿಂದೆ ಬಿದ್ದರೆ ಲೆಕ್ಚರರ್ ಕರೆದು ಬೈಯುತ್ತಾರೆ, ಮನೆಗೆ ಫೋನ್ ಹೋಗುತ್ತದೆ. ಬೈಗುಳವೇ ಎಷ್ಟು ದೊಡ್ಡ ಆಸರೆ ಆಗಿತ್ತು ಎಂದು ನನಗೆ ಅಲ್ಲಿ ಹೋದ ಮೇಲೆ ತಿಳಿಯಿತು. ಜರ್ಮನಿಯಲ್ಲಿ ಲೆಕ್ಚರ್‌ಗೆ ಬಂದರೂ, ಬಾರದೇ ಇದ್ದರೂ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಪರೀಕ್ಷೆಗೆ ನೀವೇ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು. ತಯಾರಿ ಸಾಲದಿದ್ದರೆ ಹೇಳಿದ ದಿನದೊಳಗೆ ನೀವೇ ಹೆಸರು ತೆಗೆಯಬೇಕು. ಆ ದಿನ ದಾಟಿ, ಪರೀಕ್ಷೆಗೂ ಹೋಗದಿದ್ದರೆ ಎಷ್ಟೋ ಕಡೆ ಅದೂ ಒಂದು ಫೇಲ್.

ನನ್ನ ಮೊದಲ ಚಳಿಗಾಲದ ಸೆಮಿಸ್ಟರಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಇತ್ತು. ಒಂದು ಲೆಕ್ಚರನ್ನೂ ತಪ್ಪಿಸಲಿಲ್ಲ. ಇಂಟರ್ನಲ್ಸ್ ಯಾವಾಗ ಎಂದು ಕಾಯುತ್ತಲೇ ಇದ್ದೆ. ಇಂಟರ್ನಲ್ಸ್ ಇರಲೇ ಇಲ್ಲ. ಫೆಬ್ರವರಿಯಲ್ಲಿ ಒಂದೇ ಪರೀಕ್ಷೆ, ಇಡೀ ವಿಷಯದ ಗ್ರೇಡ್ ಅದರಿಂದಲೇ. 5.0 ಬಂತು. ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಪಾಸ್, 5.0 ಫೇಲ್. ಬೇಸಿಗೆಯಲ್ಲಿ ಮತ್ತೆ ಬರೆದೆ. ಮತ್ತೆ 5.0. ಆ ರಾತ್ರಿ ಹಾಸ್ಟೆಲ್ ಅಡುಗೆಮನೆಯಲ್ಲಿ ಕುಕ್ಕರ್ ಮುಂದೆ ನಿಂತಿದ್ದೆ. ಎಷ್ಟು ಸೀಟಿ ಆಯಿತೆಂದು ಗೊತ್ತಾಗಲಿಲ್ಲ.

ನನ್ನನ್ನು ಕಾಪಾಡಿದ್ದು ಐನ್‌ಜಿಖ್ಟ್. ಅಂದರೆ ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವುದಕ್ಕೆ ಕೊಡುವ ಹೊತ್ತು. ಮೊದಲನೇ ಸಲ ಫೇಲ್ ಆದಾಗ ನಾನು ಹೋಗಿರಲಿಲ್ಲ. ಮಾರ್ಕ್ಸ್ ಕೇಳಿಕೊಂಡು ಹೋದ ಹಾಗೆ ಆಗುತ್ತದೆ ಎಂದು ನಾಚಿಕೆ. ಎರಡನೇ ಸಲ ಹೋದೆ. ಅಲ್ಲಿದ್ದ ಅಸಿಸ್ಟೆಂಟ್ ಪತ್ರಿಕೆ ತೆಗೆದು ಪಕ್ಕದಲ್ಲಿ ಕೂತರು. "ಲೆಕ್ಕ ಎಲ್ಲಾ ಸರಿ ಇದೆ. ಈ ವಿಧಾನ ಇಲ್ಲಿ ಯಾಕೆ ಕೆಲಸ ಮಾಡುತ್ತದೆ ಎಂದು ಕೇಳಿದ್ದೆವು, ಅದನ್ನು ನೀನು ಎಲ್ಲೂ ಬರೆದಿಲ್ಲ" ಎಂದರು. ನಾನು ಪುಟಗಟ್ಟಲೆ ಬಾಯಿಪಾಠದ ಡಿರೈವೇಶನ್ ಬರೆದಿದ್ದೆ. ಅರ್ಧ ಗಂಟೆಯಲ್ಲಿ ಒಂದು ವರ್ಷದ ತಪ್ಪು ಕಣ್ಣಿಗೆ ಕಂಡಿತು. ಮೂರನೇ ಸಲ 2.7 ಬಂತು.

ಕೇಳುವುದಕ್ಕೆ ಹೋದರೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ಪ್ರೊಫೆಸರ್‌ಗಳು ಭೇಟಿಯ ಹೊತ್ತು ಹಾಕಿರುತ್ತಾರೆ, ಸಲಹೆ ಕೊಡುವ ಆಫೀಸ್ ಇರುತ್ತದೆ. ಆದರೆ ಮೊದಲ ಹೆಜ್ಜೆ ನಾವೇ ಇಡಬೇಕು. ದೊಡ್ಡವರ ಎದುರು ಸುಮ್ನೆ ಕೂರುವುದು ಮರ್ಯಾದೆ ಎಂದು ಕಲಿತ ನಮ್ಮ ಮಕ್ಕಳಿಗೆ ಇದೇ ಕಷ್ಟ. ಹುಡುಗಿಯರಿಗೂ ಹುಡುಗರಿಗೂ ಇದು ಒಂದೇ.

ಅದಕ್ಕೇ ಮೆಸೇಜ್ ಮಾಡುವವರಿಗೆ ನಾನು ಈಗ ಒಂದು ಕೆಲಸ ಹೇಳುತ್ತೇನೆ. ಅಪ್ಲೈ ಮಾಡುವ ಮೊದಲು ಆ ಕೋರ್ಸಿನ ಪ್ರೂಫುಂಗ್ಸ್‌ಒರ್ಡ್ನುಂಗ್, ಅಂದರೆ ಪರೀಕ್ಷಾ ನಿಯಮಾವಳಿ, ಹುಡುಕಿ ಓದಿ. ಯೂನಿವರ್ಸಿಟಿ ವೆಬ್‌ಸೈಟ್‌ನಲ್ಲೇ ಇರುತ್ತದೆ. ಎಷ್ಟು ಸಲ ಬರೆಯಬಹುದು, ಹೆಸರು ಹಿಂದಕ್ಕೆ ಪಡೆಯಲು ಎಷ್ಟು ದಿನ, ಎಲ್ಲಾ ಅದರಲ್ಲಿದೆ. ಪಾಠ ಪೂರ್ತಿ ಇಂಗ್ಲಿಷ್‌ನಲ್ಲಿ ಇದ್ದರೂ ಕಾನೂನಿನ ಪ್ರಕಾರ ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಆ ನಿಯಮಾವಳಿಯ ಜರ್ಮನ್ ಪ್ರತಿ. ಜರ್ಮನ್ ಕಲಿಯಿರಿ ಎಂದು ನಾನು ಹಟ ಮಾಡುವುದಕ್ಕೆ ಕೆಲಸ ಸಿಗಲಿ ಎನ್ನುವುದು ಒಂದು ಕಾರಣ, ಇದು ಇನ್ನೊಂದು.

ಪಾರ್ಟ್‌ಟೈಮ್ ಕೆಲಸದ ಬಗ್ಗೆಯೂ ಹೇಳಬೇಕು. 2024ರಿಂದ ವರ್ಷಕ್ಕೆ 140 ಪೂರ್ತಿ ದಿನ ದುಡಿಯಬಹುದು. ಗೋದಾಮಿನ ನೈಟ್ ಶಿಫ್ಟ್ ಮುಗಿಸಿ ಬಂದವನಿಗೆ ಬೆಳಗಿನ ಲೆಕ್ಚರ್ ತಲೆಗೆ ಹೋಗುವುದಿಲ್ಲ. ಮನೆಯಲ್ಲಿ ಸಾಲ ಇದೆ ಎಂದು ದುಡಿಯುತ್ತಾರೆ, ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಆದರೆ ಪರೀಕ್ಷೆಯ ತಿಂಗಳಲ್ಲಿ ಶಿಫ್ಟ್ ಬಿಡಿ. ದಯವಿಟ್ಟು.

ಅಪ್ಪ ಅಮ್ಮಂದಿರು ಇದನ್ನು ಕೇಳುತ್ತಿದ್ದರೆ ಅವರಿಗೂ ಒಂದು ಮಾತು. ಆ ಎರಡನೇ 5.0 ಬಂದದ್ದನ್ನು ನಾನು ಮನೆಯಲ್ಲಿ ನಾಲ್ಕು ತಿಂಗಳು ಹೇಳಲಿಲ್ಲ. ಪ್ರತಿ ಭಾನುವಾರ ಅಮ್ಮ "ಊಟ ಆಯ್ತಾ? ಓದು ಚೆನ್ನಾಗಿ ನಡೀತಿದೆಯಾ?" ಎಂದು ಕೇಳುತ್ತಿದ್ದರು. ಹೂಂ ಎನ್ನುತ್ತಿದ್ದೆ. ಮೂರನೇ ಪರೀಕ್ಷೆಗೆ ಎರಡು ವಾರ ಇದ್ದಾಗ ತಡೆಯಲಾರದೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಅಮ್ಮ ಮಾತಾಡಲಿಲ್ಲ. ಆಮೇಲೆ "ಆಗದಿದ್ದರೆ ಮನೆಗೆ ಬಾ. ಈಗ ಹೋಗಿ ಓದು" ಎಂದರು. ಆ ರಾತ್ರಿ ಎಷ್ಟೋ ದಿನಗಳ ಮೇಲೆ ನಿದ್ದೆ ಬಂತು.